ಬಳ್ಳಾರಿಯ ಗಾಳಿ, ಮಕ್ಕಳ ಉಸಿರು

ಮೃಗಶಿರ ಮಳೆ ಕೂಡುವ ದಿನ ಹತ್ತಿರ ಬಂದಿತೆಂದರೆ ಬಳ್ಳಾರಿ ಸೀಮೆಯ ಕೆಲವು ಮನೆಗಳಲ್ಲಿ ಹೈದರಾಬಾದಿನ ಮಾತು ಏಳುತ್ತದೆ. ಜೂನ್ ತಿಂಗಳ ಆ ದಿನ ಅಲ್ಲಿನ ಕುಟುಂಬವೊಂದು ಅಸ್ತಮಾ ರೋಗಿಗಳಿಗೆ ಪುಟ್ಟ ಜೀವಂತ ಮೀನಿನ ಬಾಯೊಳಗೆ ಹಳದಿ ಬಣ್ಣದ ಮದ್ದನ್ನಿಟ್ಟು ನುಂಗಿಸುತ್ತದೆ. 1845ರಿಂದ ಇದು ನಡೆದುಬಂದಿದೆ ಎಂಬುದು ಆ ಕುಟುಂಬದ ಹೇಳಿಕೆ. ದೂರದೂರದಿಂದ ಬಂದ ಸಾವಿರಾರು ಜನ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದವಿಲ್ಲ. ಉಸಿರು ಸಿಗದ ಮಗುವಿಗೆ ಜಾತಿಯೂ ಇಲ್ಲ. ಈ ಮದ್ದು ಅಸ್ತಮಾವನ್ನು ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ದೊರೆತಿಲ್ಲ. ಆದರೂ ಸಾಲು ಕರಗುವುದಿಲ್ಲ. ಕರಗದಿರುವುದಕ್ಕೆ ಮೂಢನಂಬಿಕೆಯೊಂದೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ರಾತ್ರಿಯಿಡೀ ಮಗುವಿನ ಎದೆಯ ಸುಯ್ಯಿಸುಯ್ಯಿ ಕೇಳುತ್ತಾ ಕುಳಿತ ತಾಯಿಗೆ ಮಾತ್ರ ಆ ಸಾಲಿನ ಅರ್ಥ ಗೊತ್ತು.

ಆ ತಾಯಿಗೆ ಇನ್ನೊಂದು ಸಂಗತಿಯೂ ಗೊತ್ತು. ಮಗುವಿಗೆ ದಮ್ಮು ಬಂದ ಮರುದಿನ ಮನೆಯವರೆಲ್ಲರ ಕಣ್ಣು ತಿರುಗುವುದು ಅವಳ ಕಡೆಗೆ. “ಮೊಸರು ಉಣಿಸಬ್ಯಾಡ ಅಂತ ಎಷ್ಟು ಸಲ ಹೇಳೀನಿ?” “ಬಸುರಿದ್ದಾಗ ನೀನು ಏನೇನು ತಿಂದಿಯೋ!” “ತಣ್ಣೀರಲ್ಲಿ ಯಾಕೆ ಮೈ ತೊಳೆದೆ?” ಕೌಲ್‌ಬಜಾರಿನ ದಖನಿಯಲ್ಲಾಗಲಿ, ಕುರುಗೋಡಿನ ಕನ್ನಡದಲ್ಲಾಗಲಿ, ಸಿರುಗುಪ್ಪದ ತೆಲುಗಿನಲ್ಲಾಗಲಿ ಪ್ರಶ್ನೆ ಒಂದೇ. ತಾಯಿ ಏನು ಮಾಡಿದಳು ಎಂದು ನಾವು ಕೇಳುತ್ತೇವೆ. ಊರು ಏನು ಮಾಡಿತು ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಇತಿಹಾಸದ ಮುಂದಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಒಂದು ಹೆಸರು, ಹಲವು ನಾಡು

ನಮ್ಮ ಸೀಮೆಯಲ್ಲಿ ಅಸ್ತಮಾಕ್ಕೆ ‘ದಮ್ಮು’ ಎನ್ನುತ್ತಾರೆ. ಉರ್ದುವಿನಲ್ಲಿ ಅದು ‘ದಮಾ’. ಎರಡರ ಬೇರೂ ಪಾರ್ಸಿಯ ‘ದಮ್’, ಅರ್ಥ, ಉಸಿರು. ಹಳೆಯ ಮೈಸೂರಿನ ಕಡೆ ಉಬ್ಬಸ, ಗೂರಲು ಎನ್ನುವುದುಂಟು. ‘ಅಸ್ತಮಾ’ ಎಂಬ ಗ್ರೀಕ್ ಪದದ ಅರ್ಥವೂ ಏದುಸಿರೇ. ರೋಗ ಹಳೆಯದು, ಎಲ್ಲ ನಾಡಿನದು.

ಹಳಬರು ಈ ರೋಗವನ್ನು ಗಾಳಿಯೊಂದಿಗೆ ಸೇರಿಸಿಯೇ ನೋಡಿದ್ದರು ಎಂಬುದು ಗಮನಿಸಬೇಕಾದ ವಿಷಯ. ಚರಕ ಸಂಹಿತೆಯಲ್ಲಿ ‘ತಮಕ ಶ್ವಾಸ’ದ ವರ್ಣನೆ ಇದೆ. ಧೂಳು, ಹೊಗೆ, ಗಾಳಿಗಳನ್ನು ಅಲ್ಲಿ ಶ್ವಾಸರೋಗದ ಕಾರಣಗಳಲ್ಲಿ ಎಣಿಸಲಾಗಿದೆ. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಅವುಗಳಲ್ಲಿ ಮೊದಲನೆಯದೇ ಹವಾ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕುವಾಗ ಅಲ್ ರಾಝಿ ನಗರದ ಬೇರೆಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಮಾಂಸ ತಡವಾಗಿ ಕೊಳೆಯಿತೋ ಅಲ್ಲಿ ಕಟ್ಟಿಸಿದರೆಂಬ ಕಥೆ ಪ್ರಸಿದ್ಧ. ಕಥೆ ನಿಜವೋ ಅಲ್ಲವೋ, ಗಾಳಿಯನ್ನು ಪರೀಕ್ಷಿಸಬೇಕೆಂಬ ಅರಿವು ನಿಜ. ವಸಂತದಲ್ಲಿ ಗುಲಾಬಿಯ ವಾಸನೆಗೆ ಮೂಗು ಸೋರುವ ತನ್ನ ಪರಿಚಿತರೊಬ್ಬರ ಬಗ್ಗೆಯೂ ಅಲ್ ರಾಝಿ ಒಂದು ಪುಟ್ಟ ಪ್ರಬಂಧ ಬರೆದಿದ್ದಾರೆ. ಇಂದು ನಾವು ಅಲರ್ಜಿ ಎನ್ನುವುದರ ಮೊದಲ ದಾಖಲೆಗಳಲ್ಲಿ ಅದೂ ಒಂದು.

ಸುಲ್ತಾನ್ ಸಲಾಹುದ್ದೀನರ ಕಾಲದ ಕೈರೋದಲ್ಲಿದ್ದ ಯಹೂದಿ ವೈದ್ಯ ಮೂಸಾ ಇಬ್ನ್ ಮೈಮೂನ್ 12ನೇ ಶತಮಾನದ ಕೊನೆಯಲ್ಲಿ ಈ ರೋಗದ ಮೇಲೆಯೇ ಅರಬಿಯಲ್ಲಿ ಒಂದು ಗ್ರಂಥ ಬರೆದರು. ಎತ್ತರದ ಕಟ್ಟಡಗಳು, ಇಕ್ಕಟ್ಟಾದ ಬೀದಿಗಳು, ಕಸ ಇವು ನಗರದ ಗಾಳಿಯನ್ನು ಮಡುಗಟ್ಟಿಸಿ ಕೆಡಿಸುತ್ತವೆ ಎಂದು ಅದರಲ್ಲಿ ವಿವರಿಸಿದರು. ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರೆಸಿಡೆನ್ಸಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ದತ್ತೂರಿಯನ್ನು ಸೇದಿ ದಮ್ಮು ಇಳಿಸಿಕೊಳ್ಳುವ ಇಲ್ಲಿನ ಪದ್ಧತಿಯನ್ನು ಮದ್ರಾಸಿನ ವೈದ್ಯ ಜೇಮ್ಸ್ ಆಂಡರ್ಸನ್‌ರಿಂದ ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರ ಸುಮಾರಿಗೆ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನಲ್ಲಿ ‘ಅಸ್ತಮಾ ಸಿಗರೇಟು’ ಮಾರಾಟವಾಯಿತು. ದತ್ತೂರಿ ವಿಷದ ಗಿಡ. ಅದನ್ನು ಇಂದು ಯಾರೂ ಪ್ರಯೋಗಿಸಬಾರದು.

ತಾಯಿಯ ತಲೆಗೆ ಕಟ್ಟಿದ ರೋಗ

ಹಳಬರು ಗಾಳಿಯನ್ನು ದೂರಿದ್ದರು. ವಿಚಿತ್ರವೆಂದರೆ ಆಧುನಿಕರೆನಿಸಿಕೊಂಡವರು ತಾಯಿಯನ್ನು ದೂರಿದರು. 1940ರ ದಶಕದಲ್ಲಿ ಅಮೆರಿಕದ ಚಿಕಾಗೋದ ಕೆಲವು ಮನೋವಿಶ್ಲೇಷಕರು ಅಸ್ತಮಾ ಎಂದರೆ ತಾಯಿಗಾಗಿ ಮಗು ಒಳಗೇ ಅದುಮಿಟ್ಟ ಅಳು ಎಂದು ಬರೆದರು. ಅತಿಯಾಗಿ ಮುದ್ದಿಸುವ ಅಥವಾ ದೂರವಿಡುವ ತಾಯಿಯೇ ರೋಗಕ್ಕೆ ಕಾರಣವೆಂಬ ಮಾತು ವೈದ್ಯ ಪುಸ್ತಕಗಳಲ್ಲಿ ದಶಕಗಳ ಕಾಲ ಓಡಾಡಿತು. ಡೆನ್ವರ್ ನಗರದ ಸಂಸ್ಥೆಯೊಂದರಲ್ಲಿ ತೀವ್ರ ಅಸ್ತಮಾದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ತಿಂಗಳುಗಟ್ಟಲೆ ಇಡುವುದೇ ಚಿಕಿತ್ಸೆಯಾಗಿತ್ತು. ಹಲವು ಮಕ್ಕಳು ಅಲ್ಲಿ ಸುಧಾರಿಸಿದ್ದೂ ಉಂಟು. ಆದರೆ ಮಗುವಿನಿಂದ ದೂರವಾದದ್ದು ತಾಯಿ ಒಬ್ಬಳೇ ಅಲ್ಲ. ಮನೆಯ ಧೂಳು, ಹೊಗೆ, ತೇವ, ಸಾಕುಪ್ರಾಣಿಯ ಕೂದಲು ಎಲ್ಲವೂ ದೂರವಾಗಿದ್ದವು. ಅದನ್ನು ಎಣಿಕೆಗೆ ತೆಗೆದುಕೊಳ್ಳಲು ಬಹಳ ಕಾಲ ಬೇಕಾಯಿತು.

1966-67ರಲ್ಲಿ ಅಲರ್ಜಿಗೆ ಕಾರಣವಾಗುವ ‘ಐಜಿಇ’ ಎಂಬ ಪ್ರತಿಕಾಯ ಪತ್ತೆಯಾದ ಮೇಲೆ ಚಿತ್ರ ತಿಳಿಯಾಯಿತು. ಅಸ್ತಮಾ ಎಂದರೆ ಶ್ವಾಸನಾಳಗಳ ಒಳಗೋಡೆಯಲ್ಲಿ ಸದಾ ಇರುವ ಉರಿಯೂತ. ಧೂಳು, ಪರಾಗ, ಹೊಗೆ, ನೆಗಡಿಯ ವೈರಸ್ ತಾಗಿದಾಗ ನಾಳ ಬಿಗಿಯುತ್ತದೆ, ಊದುತ್ತದೆ, ಲೋಳೆ ತುಂಬುತ್ತದೆ. ಎಳೆದ ಉಸಿರು ಹೊರಹೋಗಲಾರದೆ ಸಿಳ್ಳೆಯಂಥ ಸದ್ದು ಬರುತ್ತದೆ. ತಂದೆ ಅಥವಾ ತಾಯಿಗೆ ಅಸ್ತಮಾ, ಅಲರ್ಜಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆ ಇದ್ದ ಮಕ್ಕಳಿಗೂ ಅಪಾಯ ಜಾಸ್ತಿ. ಎಳವೆಯಲ್ಲಿ ಕೆಲವು ವೈರಸ್‌ಗಳಿಂದ ಎದೆಗಟ್ಟುವ ಸೋಂಕಾದ ಮಕ್ಕಳಲ್ಲಿ ಮುಂದೆ ಅಸ್ತಮಾ ಹೆಚ್ಚಾಗಿ ಕಾಣುತ್ತದೆ. ಸ್ಥೂಲಕಾಯವೂ ಅಪಾಯ ಕಾರಕವೇ. ಮೊಸರು, ಬಾಳೆಹಣ್ಣು ರೋಗವನ್ನು ಹುಟ್ಟಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ.

ಆದರೆ ರಕ್ತದಲ್ಲಿ ಬಂದದ್ದೇ ಎಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಸುಮಾರು 20,000 ಮಕ್ಕಳ ಲೆಕ್ಕವನ್ನು 2002ರಲ್ಲಿ ಪ್ರಕಟಿಸಿದರು. ಅಸ್ತಮಾ ಇದ್ದ ಮಕ್ಕಳ ಪ್ರಮಾಣ 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ರೋಗವನ್ನು ಗುರುತಿಸುವ ಅರಿವು ಬೆಳೆದದ್ದೂ ಇದರಲ್ಲಿ ಸೇರಿರಬಹುದು. ಶಾಲೆಗಳಲ್ಲಿ ನಡೆಸಿದ ಸಮೀಕ್ಷೆ ಇನ್ನೂ ಸ್ಪಷ್ಟವಾಗಿತ್ತು. ವಾಹನ ಸಂಚಾರ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ನೂರಕ್ಕೆ ಸುಮಾರು 11 ಮಕ್ಕಳಿಗೆ, ಸಂಚಾರ ದಟ್ಟವಾಗಿದ್ದ ಕಡೆ 19 ಮಕ್ಕಳಿಗೆ, ಸಂಚಾರವೂ ದಟ್ಟ, ಬಡತನವೂ ಇದ್ದ ಕಡೆ 31 ಮಕ್ಕಳಿಗೆ ಅಸ್ತಮಾ ಇತ್ತು. ಇಪ್ಪತ್ತು ವರ್ಷದಲ್ಲಿ ಒಂದು ನಗರದ ಜನರ ರಕ್ತ ಬದಲಾಗುವುದಿಲ್ಲ. ಒಂದೇ ನಗರದ ಎರಡು ಬೀದಿಗಳಲ್ಲಿ ತಾಯಂದಿರ ಸ್ವಭಾವವೂ ಬದಲಾಗುವುದಿಲ್ಲ. ಬದಲಾದದ್ದು ಗಾಳಿ. ಹಾಗಾದರೆ ನಮ್ಮ ಬಳ್ಳಾರಿಯ ಗಾಳಿ ಹೇಗೆ ಬದಲಾಯಿತು?

ಬಳ್ಳಾರಿಯ ಹೆಸರು ಹೊತ್ತ ಮುಳ್ಳು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂಬ ನಗೆಮಾತಿದೆ. ಒಣ ಹವೆಯ ನಾಡಿದು. 1800ರಲ್ಲಿ ನಿಜಾಮರಿಂದ ಬ್ರಿಟಿಷರಿಗೆ ಹೋದ ‘ದತ್ತ ಮಂಡಲ’ದ ಭಾಗ. 1876-78ರ ಧಾತು-ಈಶ್ವರ ಬರ ಅತಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಕಾಲದಲ್ಲೇ ಮದ್ರಾಸ್ ಸರ್ಕಾರದ ಅರಣ್ಯಾಧಿಕಾರಿ ಬೆಡ್ಡೋಮ್, ಒಣ ನೆಲದಲ್ಲೂ ಬೆಳೆಯುವ ಅಮೆರಿಕ ಮೂಲದ ಒಂದು ಜಾಲಿಯ ಬೀಜ ತರಿಸಲು ಪತ್ರ ಬರೆದರು. 1877ರಲ್ಲಿ ಜಮೈಕಾದಿಂದ ಬಂದ ಬೀಜವನ್ನು ಪಕ್ಕದ ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಲಾಯಿತು. ಸೌದೆಗೆ ಆಗಲಿ, ಬರಡು ನೆಲ ಹಸಿರಾಗಲಿ ಎಂಬುದು ಉದ್ದೇಶ. ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಗಿಡ ಹೊಲ, ಹಳ್ಳ, ಕೆರೆಯಂಗಳ, ರೈಲುದಾರಿ ಎಲ್ಲವನ್ನೂ ಆಕ್ರಮಿಸಿತು. ಕನ್ನಡ ನಾಡಿನಲ್ಲಿ ಅದಕ್ಕೆ ಬಿದ್ದ ಹೆಸರು ‘ಬಳ್ಳಾರಿ ಜಾಲಿ’!

ಈ ಜಾಲಿಯ ಪರಾಗ ಇಂದು ನಮ್ಮ ದೇಶದಲ್ಲಿ ಅಲರ್ಜಿ ತರುವ ಮುಖ್ಯ ಪರಾಗಗಳಲ್ಲಿ ಒಂದು. ಅದರ ಸೌದೆ, ಇದ್ದಿಲು ಬಡವರ ಒಲೆಯನ್ನು ಉರಿಸಿವೆ ಎಂಬುದೂ ನಿಜ. ಹೂವಾಗಿ ಮೂಗಿಗೆ, ಹೊಗೆಯಾಗಿ ಎದೆಗೆ, ಹೀಗೆ ಒಂದೇ ಗಿಡ ಎರಡು ದಾರಿಯಿಂದ ಮಗುವಿನ ಉಸಿರನ್ನು ಮುಟ್ಟಿತು.

ಎರಡನೆಯ ಅತಿಥಿ ಬಂದದ್ದು ಸ್ವಾತಂತ್ರ್ಯದ ನಂತರ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ ಕಳೆ, ಅಮೆರಿಕದಿಂದ ಬಂದ ಆಹಾರ ಧಾನ್ಯದೊಂದಿಗೆ ಹರಡಿತೆನ್ನುತ್ತಾರೆ. ನಮ್ಮ ಜನ ಅದನ್ನು ‘ಕಾಂಗ್ರೆಸ್ ಗಿಡ’ ಎಂದು ಕರೆದರು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು 7 ಮಂದಿ ಇದರ ಪರಾಗದಿಂದ ಮೂಗಿನ ಅಲರ್ಜಿಗೆ ಒಳಗಾಗಿದ್ದರು. ಮೂಗಿನ ಅಲರ್ಜಿ ಇರುವ ಮಗುವಿಗೆ ಅಸ್ತಮಾದ ಅಪಾಯ ಹೆಚ್ಚು. 1983ರಲ್ಲಿ ಈ ಕಳೆಯನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಆಮೇಲೆ ಬಿಡಲಾಯಿತು. ಜೀರುಂಡೆ ಒಂದಿಷ್ಟು ಕೆಲಸ ಮಾಡಿತು. ಆದರೆ ಬಳ್ಳಾರಿಯ ಖಾಲಿ ಸೈಟುಗಳಲ್ಲಿ, ಶಾಲೆಯ ಕಾಂಪೌಂಡಿನ ಒಳಗೆ ಆ ಬಿಳಿ ಹೂವು ಮಳೆಗಾಲದಲ್ಲಿ ಇಂದಿಗೂ ನಗುತ್ತದೆ. ಹೂ ಬಿಡುವ ಮುನ್ನ ಕಿತ್ತರೆ ಸಾಕು. ಕೀಳಲು ಯಾರಿಗೆ ಪುರಸೊತ್ತು?

ಕಾಲುವೆ ಬಂತು, ಭತ್ತ ಬಂತು

1953 ಬಳ್ಳಾರಿಯ ಚರಿತ್ರೆಯಲ್ಲಿ ದೊಡ್ಡ ವರ್ಷ. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1945ರಲ್ಲಿ ಅಡಿಗಲ್ಲು ಬಿದ್ದಿದ್ದ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದದ್ದೂ ಅದೇ ವರ್ಷ. ಜೋಳ, ಸಜ್ಜೆ, ಹತ್ತಿಯ ಕರಿನೆಲದಲ್ಲಿ ಭತ್ತ ನಿಂತಿತು. ಸಿರುಗುಪ್ಪ ಭತ್ತದ ನಾಡೆಂದು ಹೆಸರಾಯಿತು. ಸಿಂದ ಅರಸರು ಆಳಿದ, ದೊಡ್ಡಬಸವೇಶ್ವರನ ಕುರುಗೋಡಿನ ಸುತ್ತ ಭತ್ತದ ಜೊತೆಗೆ ಮೆಣಸಿನಕಾಯಿ, ಹತ್ತಿ ಬೆಳೆದವು. ಹಸಿವು ದೂರವಾಯಿತು. ಹೊಟ್ಟೆ ತುಂಬಿದ ತಾಯಿಯ ಮಗು ತುಂಬು ತೂಕದಿಂದ ಹುಟ್ಟುತ್ತದೆ, ಅದರ ಶ್ವಾಸಕೋಶ ಚೆನ್ನಾಗಿ ಬೆಳೆಯುತ್ತದೆ. ಆದ್ದರಿಂದ ಕಾಲುವೆಯನ್ನು ದೂರುವವರು ನಾವಲ್ಲ.

ಆದರೆ ಭತ್ತದೊಂದಿಗೆ ಅಕ್ಕಿ ಗಿರಣಿ ಬಂತು, ತೌಡು-ಹೊಟ್ಟಿನ ಧೂಳು ಬಂತು, ಹೊಟ್ಟು ಉರಿಸಿದ ಕರಿಬೂದಿ ಬಂತು. ಮುಂದೆ ಕೊಯ್ಲಿನ ಯಂತ್ರ ಬಂದಾಗ ಹೊಲದಲ್ಲೇ ಉಳಿದ ಹುಲ್ಲಿಗೆ ಬೆಂಕಿ ಇಡುವುದೂ ಬಂತು. ಒಣಮೆಣಸಿನಕಾಯಿ ಹರಡುವ ಕಣದಲ್ಲಿ ದೊಡ್ಡವರೇ ಕೆಮ್ಮುತ್ತಾರೆ. ಆ ಕಣದ ಅಂಚಿನಲ್ಲಿ ಜೋಲಿಯಲ್ಲಿ ಮಲಗಿದ ಕೂಸಿನ ಪಾಡೇನು? ಬಳ್ಳಾರಿ ನಗರದ ಜಿನ್ನಿಂಗ್ ಗಿರಣಿಗಳ ಹತ್ತಿಯ ನವಿರು, ಈಚಿನ ದಶಕಗಳಲ್ಲಿ ಜೀನ್ಸ್ ಹೊಲಿಗೆಯ ಮನೆಗಳಲ್ಲಿ ಹಾರುವ ನೂಲಿನ ಧೂಳು ಇದರ ಜೊತೆಗೆ ಸೇರಿದವು. ಹೊಲಿಗೆ ಯಂತ್ರ, ಒಲೆ, ಮಗುವಿನ ಹಾಸಿಗೆ ಮೂರೂ ಒಂದೇ ಕೋಣೆಯಲ್ಲಿರುವ ಮನೆಗಳಲ್ಲಿ ಧೂಳಿಗೂ ಮಗುವಿಗೂ ನಡುವೆ ಗೋಡೆಯೇ ಇಲ್ಲ.

ಧಾನ್ಯದ ಧೂಳು ಏನು ಮಾಡಬಲ್ಲದು ಎಂಬುದಕ್ಕೆ ಸ್ಪೇನಿನ ಬಾರ್ಸಿಲೋನಾ ನಗರ ಸಾಕ್ಷಿ. 1981ರಿಂದ 1987ರ ನಡುವೆ ಅಲ್ಲಿ ಕೆಲವು ದಿನಗಳಲ್ಲಿ ಇದ್ದಕ್ಕಿದ್ದಂತೆ ಅನೇಕ ಜನ ಉಸಿರುಗಟ್ಟಿ ಆಸ್ಪತ್ರೆಗೆ ಓಡಿ ಬರುತ್ತಿದ್ದರು. ಅಂಥ 26 ದಿನಗಳನ್ನು ಗುರುತಿಸಲಾಯಿತು. ವೈದ್ಯರು ವರ್ಷಗಟ್ಟಲೆ ಹುಡುಕಿದ ಮೇಲೆ ಗೊತ್ತಾದದ್ದು ಇಷ್ಟು: ಬಂದರಿನಲ್ಲಿ ಹಡಗಿನಿಂದ ಸೋಯಾ ಇಳಿಸಿದ ದಿನಗಳಲ್ಲಿ ಮಾತ್ರ ಹೀಗಾಗುತ್ತಿತ್ತು. ಧಾನ್ಯದ ಕಣಜವೊಂದಕ್ಕೆ ಧೂಳು ತಡೆಯುವ ಫಿಲ್ಟರ್ ಇರಲಿಲ್ಲ. ಫಿಲ್ಟರ್ ಹಾಕಿಸಿದರು. ಆ ಹಾವಳಿ ನಿಂತಿತು. ಬಂದರನ್ನು ಮುಚ್ಚಲಿಲ್ಲ, ಕೂಲಿಗಳ ಕೆಲಸ ಕಳೆಯಲಿಲ್ಲ, ರೋಗಿಗಳಿಗೆ ಊರು ಬಿಡಿ ಎನ್ನಲಿಲ್ಲ. ಒಂದು ಫಿಲ್ಟರ್! ಅಕ್ಕಿ ಗಿರಣಿಗಳ ಸಿರುಗುಪ್ಪಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಕೆಂಪು ಧೂಳಿನ ದಶಕ

ಇನ್ನು 2003ರ ನಂತರದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಸಜ್ಜಾಗುತ್ತಿದ್ದ ಚೀನಾಕ್ಕೆ ಕಬ್ಬಿಣ ಬೇಕಾಯಿತು. ಅದಿರಿನ ಬೆಲೆ ಹಲವು ಪಟ್ಟು ಏರಿತು. ಸಂಡೂರಿನ ಬೆಟ್ಟಗಳಿಂದ ಹೊರಟ ಲಾರಿಗಳು ಹಗಲಿರುಳೆನ್ನದೆ ಹರಿದವು. ರಸ್ತೆ, ಮರ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾದವು. ಬೆಳೆಯ ಮೇಲೆ ಧೂಳು ಕುಳಿತು ರೈತರು ಹೊಲಗಳನ್ನೇ ಅದಿರು ಸುರಿಯಲು ಬಾಡಿಗೆಗೆ ಕೊಟ್ಟರು. ಅದಿರು ಆಯುವ ಕೆಲಸಕ್ಕೆ ತಂದೆತಾಯಿಯರೊಡನೆ ಮಕ್ಕಳೂ ಇಳಿದದ್ದನ್ನು ಆ ಕಾಲದ ವರದಿಗಳು ದಾಖಲಿಸಿವೆ. ಇದೇ ಹೊತ್ತಿಗೆ ನಗರದ ಸುತ್ತ ಮೆದುಕಬ್ಬಿಣದ ಘಟಕಗಳು ತಲೆಯೆತ್ತಿದವು. ತೋರಣಗಲ್ಲಿನಲ್ಲಿ ಉಕ್ಕಿನ ಉದ್ಯಮ ಬೆಳೆಯಿತು. ಕುಡತಿನಿಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ನಿಂತಿತು. 2016ರಲ್ಲಿ ಮೂರನೆಯ ಘಟಕವೂ ಸೇರಿ ಅದರ ಸಾಮರ್ಥ್ಯ 1,700 ಮೆಗಾವ್ಯಾಟ್ ಆಯಿತು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲೂಟಿಯಾದ ಅದಿರಿನ ಟನ್ನುಗಳಿಗೆ, ಖಜಾನೆಗಾದ ನಷ್ಟದ ಕೋಟಿಗಳಿಗೆ ಲೆಕ್ಕ ಬಂತು. ಮಕ್ಕಳ ಉಸಿರಿಗಾದ ನಷ್ಟವನ್ನು ಯಾರೂ ಕೋಟಿಗಳಲ್ಲಿ ಬರೆಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ರೋಗವನ್ನು ಹುಟ್ಟಿಸುವುದು ಬೇರೆ, ಇರುವ ರೋಗವನ್ನು ಕೆರಳಿಸುವುದು ಬೇರೆ. ಅದಿರಿನ ದಪ್ಪ ಧೂಳು ಹೆಚ್ಚಾಗಿ ಮಾಡುವುದು ಎರಡನೆಯ ಕೆಲಸ. ಆದರೆ ಡೀಸೆಲ್ ಲಾರಿಯ ಹೊಗೆ, ಕಲ್ಲಿದ್ದಲಿನ ಹೊಗೆ ಇವುಗಳಲ್ಲಿರುವ ಅತಿ ಸೂಕ್ಷ್ಮ ಕಣಗಳು ಮತ್ತು ನೈಟ್ರೋಜನ್ ಡೈಆಕ್ಸೈಡ್ ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಕಾಣಿಸಿಕೊಳ್ಳುವುದಕ್ಕೂ ಸಂಬಂಧಿಸಿವೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳ ಹೊಸ ಅಸ್ತಮಾಕ್ಕೆ ಈ ಅನಿಲದೊಂದಿಗೆ ಸಂಬಂಧವಿದೆ ಎಂದು 2019ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಕಾರ್ಖಾನೆ ನಿಂತರೆ ಮಕ್ಕಳ ಉಸಿರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೂಟಾ ಕಣಿವೆಯ ನಿದರ್ಶನವಿದೆ. ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಅರ್ಥಶಾಸ್ತ್ರಜ್ಞ ಆರ್ಡೆನ್ ಪೋಪ್ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸರೋಗದಿಂದ ದಾಖಲಾದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿತ್ತು. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ 1990ರ ದಶಕದಿಂದ ಎರಡು ದಶಕ ಕಾಲ ಮಕ್ಕಳನ್ನು ಗಮನಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾನೂನು ಬಿಗಿಯಾಗಿ ಗಾಳಿ ಶುದ್ಧವಾದಂತೆ ಹೊಸದಾಗಿ ಅಸ್ತಮಾ ಬರುವ ಮಕ್ಕಳ ಸಂಖ್ಯೆಯೂ ಇಳಿಯಿತು. ಅಲ್ಲಿ ಕಾರ್ಖಾನೆಗಳು ಮುಚ್ಚಿ ಜನ ಬೀದಿಗೆ ಬರಲಿಲ್ಲ. ವಾಹನಗಳೂ ಇಂಧನವೂ ಸುಧಾರಿಸಿದವು.

2011ರಲ್ಲಿ ಗಣಿ ನಿಂತಾಗ ಬಳ್ಳಾರಿಯ ಸಾವಿರಾರು ಕೂಲಿಗಳ, ಲಾರಿ ಚಾಲಕರ ಒಲೆಯೂ ನಿಂತಿತ್ತು. ಅದನ್ನು ಮರೆತು ಶುದ್ಧ ಗಾಳಿಯ ಉಪನ್ಯಾಸ ಮಾಡಲಾಗದು. 2013ರ ತೀರ್ಪಿನ ನಂತರ ಷರತ್ತುಗಳೊಂದಿಗೆ ಗಣಿ ಮತ್ತೆ ತೆರೆಯಿತು. ಅದಿರು ಸಾಗಿಸಲು ಮುಚ್ಚಿದ ಕೊಳವೆಯ ಕನ್ವೇಯರ್ ಕೂಡ ಬಂದಿದೆ. ಧೂಳಿಲ್ಲದೆ ಅದಿರು ಸಾಗಿಸಬಹುದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ 2022ರಲ್ಲಿ ಜಿಲ್ಲೆಯ ಉತ್ಪಾದನೆಯ ಮಿತಿಯನ್ನು ವರ್ಷಕ್ಕೆ 280 ಲಕ್ಷ ಟನ್ನಿನಿಂದ 350 ಲಕ್ಷ ಟನ್ನಿಗೆ ಏರಿಸಲಾಯಿತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು. ಬಳ್ಳಾರಿ ಸೇರಲಿಲ್ಲ.

ಅಪಾಯ ಇಳಿಸುವ ಸಂಗತಿಗಳು

ಇಷ್ಟು ಹೇಳಿದ ಮೇಲೆ ಓದುಗರು ಕೇಳಬಹುದು: ಹಳ್ಳಿಯ ಮಣ್ಣು, ಸಗಣಿ, ಧೂಳಿನಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇಷ್ಟು ಅಸ್ತಮಾ ಇರಲಿಲ್ಲವಲ್ಲ? ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವೂ ಇದೆ.

1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಎರಿಕಾ ಫಾನ್ ಮ್ಯೂಟಿಯಸ್ ಎಂಬ ವೈದ್ಯೆ ಎರಡೂ ಜರ್ಮನಿಗಳ ಮಕ್ಕಳನ್ನು ಹೋಲಿಸಿದರು. ಹೊಗೆಯಲ್ಲಿ ಮುಳುಗಿದ್ದ ಪೂರ್ವದ ಮಕ್ಕಳಿಗೇ ಅಸ್ತಮಾ ಹೆಚ್ಚಿರಬೇಕೆಂದು ಎಲ್ಲರೂ ತಿಳಿದಿದ್ದರು. ಅಲ್ಲಿ ಕೆಮ್ಮು, ಕಫ ಹೆಚ್ಚಿತ್ತು ನಿಜ. ಆದರೆ ಅಸ್ತಮಾ ಮತ್ತು ಅಲರ್ಜಿ ಹೆಚ್ಚಿದ್ದದ್ದು ಸಿರಿವಂತ ಪಶ್ಚಿಮದಲ್ಲಿ. ಮುಂದೆ ಬವೇರಿಯಾದ ಹಳ್ಳಿಗಳಲ್ಲಿ ಹುಡುಕಿದಾಗ ದನಕರುಗಳೊಂದಿಗೆ ಬೆಳೆದ ಮಕ್ಕಳಲ್ಲಿ ಅಸ್ತಮಾ ಕಡಿಮೆ ಇದ್ದದ್ದು ಕಂಡಿತು. 2016ರಲ್ಲಿ ಅಮೆರಿಕದ ಎರಡು ರೈತ ಪಂಗಡಗಳ ಹೋಲಿಕೆ ಪ್ರಕಟವಾಯಿತು. ಎರಡರ ಮೂಲ ಒಂದೇ, ಆಹಾರವೂ ಹೆಚ್ಚುಕಡಿಮೆ ಒಂದೇ. ಮನೆಗೆ ಅಂಟಿದಂತೆ ಕೊಟ್ಟಿಗೆ ಇಟ್ಟುಕೊಂಡ ಆಮಿಶ್ ಪಂಗಡದ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಅಸ್ತಮಾ. ಯಂತ್ರಗಳಿಂದ ದೊಡ್ಡ ಬೇಸಾಯ ಮಾಡಿ, ಮಕ್ಕಳನ್ನು ಕೊಟ್ಟಿಗೆಯಿಂದ ದೂರವಿಟ್ಟ ಹಟರೈಟ್ ಪಂಗಡದಲ್ಲಿ ಸುಮಾರು 21. ಎಳವೆಯಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳ ಪರಿಚಯವಾದ ದೇಹ ಪರಾಗವನ್ನು ಕಂಡು ಬೆಚ್ಚಿಬೀಳುವುದಿಲ್ಲ ಎಂದು ತಜ್ಞರು ಇದನ್ನು ವಿವರಿಸುತ್ತಾರೆ.

ಆದ್ದರಿಂದ ಅಂಗಳದ ಮಣ್ಣು, ಆಕಳು ಮಗುವಿನ ಶತ್ರುಗಳಲ್ಲ. ಆದರೆ ಆಕಳು ಬೇರೆ, ಬೆರಣಿಯ ಹೊಗೆ ಬೇರೆ. ಕೊಟ್ಟಿಗೆಯ ಧೂಳು ಬೇರೆ, ಕಲ್ಲಿದ್ದಲ ಬೂದಿ ಬೇರೆ. ಹಿರಿಯರ ಮಣ್ಣನ್ನು ತೋರಿಸಿ ಇಂದಿನ ಹೊಗೆಯನ್ನು ಸಮರ್ಥಿಸಲು ಬಾರದು.

ಇನ್ನು ಮನೆಯೊಳಗಿನ ಸಂಗತಿ. ಬಸುರಿಯ ಸುತ್ತ, ಕೂಸಿನ ಸುತ್ತ ಬೀಡಿ ಸಿಗರೇಟಿನ ಹೊಗೆ ಇರುವುದು ಅತ್ಯಂತ ಖಚಿತವಾದ ಅಪಾಯ ಕಾರಕಗಳಲ್ಲಿ ಒಂದು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ನಿಷಿದ್ಧ. ಮಗುವಿನ ಮನೆ ಮಾತ್ರ ಆ ಕಾನೂನಿನ ಹೊರಗಿದೆ. ಅಲ್ಲಿ ಕಾನೂನು ಆಗಬೇಕಾದವನು ತಂದೆ. ತಾಯಿ ಉಣಿಸಿದ ಮೊಸರಿನ ಲೆಕ್ಕ ಕೇಳುವವರು ತಂದೆ ಸೇದಿದ ಬೀಡಿಯ ಲೆಕ್ಕವನ್ನೂ ಕೇಳಲಿ. ಸೊಳ್ಳೆಬತ್ತಿ ಒಂದು ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಅದರ ಬದಲು ಪರದೆ ಕಟ್ಟಬಹುದು. ಎಣ್ಣೆ ನೀರೆರೆದ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದು ನಮ್ಮ ಮೊಹಲ್ಲಾಗಳಲ್ಲೂ ಇದೆ, ಅಕ್ಕಪಕ್ಕದ ಹಿಂದೂ ಮನೆಗಳಲ್ಲೂ ಇದೆ. ಪ್ರೀತಿಯ ಈ ಪದ್ಧತಿಯನ್ನು ಪ್ರೀತಿಯಿಂದಲೇ ಬಿಡಬೇಕು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಘಟಕ ರೂಪಿಸಿದ ಅಸ್ತ್ರ ಒಲೆ, 2016ರ ಉಜ್ವಲಾ ಗ್ಯಾಸ್ ಇವೆರಡೂ ಅಡುಗೆಮನೆಯ ಹೊಗೆಯ ವಿರುದ್ಧ ನಡೆದ ಪ್ರಯತ್ನಗಳೇ. ಎರಡನೆಯ ಸಿಲಿಂಡರಿಗೆ ದುಡ್ಡಿಲ್ಲದ ಮನೆ ಮತ್ತೆ ಜಾಲಿ ಸೌದೆಗೆ ಮರಳುತ್ತದೆ. ಎದೆಹಾಲು ಕುಡಿದ ಮಕ್ಕಳಲ್ಲಿ ಎಳವೆಯ ಉಬ್ಬಸ ಕಡಿಮೆ. ಬೇಕಿಲ್ಲದ ಆ್ಯಂಟಿಬಯೋಟಿಕ್ ಕೊಡದಿರುವುದು, ಗೋಡೆಯ ತೇವ, ಬೂಷ್ಟು ನಿವಾರಿಸುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಇವೂ ಸಹಾಯಕ. ಬಳ್ಳಾರಿಯಲ್ಲಿ ಬಿಸಿಲಿಗೆ ಬರವಿಲ್ಲ!

ಬಚ್ಚಿಟ್ಟ ಪಂಪು

ರೋಗ ಬಂದ ಮಗುವಿಗೆ ಇಂದು ಒಳ್ಳೆಯ ಔಷಧವಿದೆ. ನಾಳ ಹಿಗ್ಗಿಸುವ ಸಾಲ್ಬ್ಯುಟಮಾಲ್ 1969ರಲ್ಲಿ, ಉರಿಯೂತ ಇಳಿಸುವ ಸ್ಟಿರಾಯ್ಡ್ ಇನ್‌ಹೇಲರ್ 1972ರಲ್ಲಿ ಬಂದವು. ಎರಡನೆಯದೇ ಮುಖ್ಯ ಚಿಕಿತ್ಸೆ. ಆದರೆ ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶಾಲಾ ಮಕ್ಕಳಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಮಂದಿಗೆ ಉಬ್ಬಸದ ಲಕ್ಷಣವಿತ್ತು. ಲಕ್ಷಣವಿದ್ದವರಲ್ಲಿ ನೂರಕ್ಕೆ 82 ಮಂದಿಗೆ ಅದು ಅಸ್ತಮಾ ಎಂದು ಯಾರೂ ಹೇಳಿರಲೇ ಇಲ್ಲ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮ ದೇಶದವರು ನೂರಕ್ಕೆ ಸುಮಾರು 13. ಅಸ್ತಮಾದಿಂದ ಸಾಯುವವರಲ್ಲಿ 40ಕ್ಕೂ ಮೇಲು. ಈ ಅಂತರ ಗಾಳಿಯದ್ದು ಮಾತ್ರವಲ್ಲ, ಬಚ್ಚಿಡುವಿಕೆಯದ್ದು.

ಇನ್‌ಹೇಲರಿಗೆ ನಮ್ಮಲ್ಲಿ ‘ಪಂಪು’ ಎನ್ನುತ್ತಾರೆ. ಪಂಪು ಹಿಡಿದರೆ ಜೀವನಪೂರ್ತಿ ಚಟವಾಗುತ್ತದೆ ಎಂಬ ಹೆದರಿಕೆ ಇದೆ. ಹಾಗೇನೂ ಇಲ್ಲ. ಗುಳಿಗೆಯಲ್ಲಿ ಮೈತುಂಬ ಹರಡುವ ಔಷಧ ಪಂಪಿನಲ್ಲಿ ತೀರ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಹೆಣ್ಣುಮಗುವಾದರೆ ಇನ್ನೊಂದು ಹೆದರಿಕೆ: ನಾಳೆ ಮದುವೆಯ ಮಾತು ಬಂದಾಗ ಏನು ಹೇಳುವುದು? ಹೀಗೆ ಪಂಪು ಅಲಮಾರಿನ ಬಟ್ಟೆಗಳ ಅಡಿಗೆ ಹೋಗುತ್ತದೆ. ಮಗು ಆಟ ಬಿಡುತ್ತದೆ, ಶಾಲೆ ತಪ್ಪಿಸುತ್ತದೆ. ಜೂನ್ ಬಂದಾಗ ಹೈದರಾಬಾದಿನ ರೈಲು ಹತ್ತುತ್ತದೆ. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಮುಂದೆ ವಿಮ್ಸ್ ಎಂದು ಹೆಸರಾದದ್ದು, ಬಳ್ಳಾರಿಯಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಗಳಿವೆ. ಮೀನಿನ ಸಾಲಿನಲ್ಲಿ ನಿಲ್ಲುವ ತಾಯಿಯನ್ನು ಗದರಿಸುವ ಬದಲು ಈ ಬಾಗಿಲುಗಳಲ್ಲಿ ಅವಳನ್ನು ಕೂರಿಸಿ, ಪಂಪು ಹಿಡಿಯುವುದು ಹೇಗೆಂದು ಹತ್ತು ನಿಮಿಷ ಹೇಳಿಕೊಟ್ಟರೆ ಆ ಸಾಲು ತಾನಾಗಿಯೇ ಚಿಕ್ಕದಾದೀತು.

ಊರು ಮಾಡಬೇಕಾದದ್ದೂ ಇದೆ. 2015ರ ಕಾನೂನಿನಂತೆ ಗಣಿಯಿಂದ ಬಂದ ಹಣದ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ಗಣಿಬಾಧಿತ ಜನರ ಆರೋಗ್ಯ, ಪರಿಸರ ಆ ಹಣದ ಮೊದಲ ಹಕ್ಕುದಾರರು. ಶಾಲೆ ಶಾಲೆಗೆ ಹೋಗಿ ಉಬ್ಬಸದ ಮಕ್ಕಳನ್ನು ಗುರುತಿಸಲು, ಅವರಿಗೆ ಉಚಿತವಾಗಿ ಪಂಪು ಕೊಡಲು, ಶಾಲೆಯ ಸುತ್ತಲ ಕಾಂಗ್ರೆಸ್ ಗಿಡ ಕೀಳಿಸಲು, ಗಾಳಿ ಅಳೆಯುವ ಯಂತ್ರಗಳನ್ನು ಬಳ್ಳಾರಿಯಲ್ಲಷ್ಟೇ ಅಲ್ಲದೆ ಸಿರುಗುಪ್ಪ, ಕುರುಗೋಡಿನಲ್ಲೂ ಇಡಲು ಅದರ ಒಂದು ಚಿಕ್ಕ ಅಂಶ ಸಾಕು. ಮಸೀದಿ, ಮಠ, ಚರ್ಚುಗಳ ಸಮಿತಿಗಳು, ಯುವಕ ಸಂಘಗಳು ಕೇಳಿದರೆ ಇದು ಆಗದ ಕೆಲಸವಲ್ಲ.

ಜಾಲಿಯ ಬೀಜ ಒಂದು ಪತ್ರದಿಂದ ಬಂತು. ಕಾಲುವೆ ಒಂದು ಯೋಜನೆಯಿಂದ, ಅದಿರಿನ ಲಾರಿ ಒಂದು ಬೆಲೆಯಿಂದ, ಕುಡತಿನಿಯ ಚಿಮಣಿ ಒಂದು ಸಹಿಯಿಂದ ಬಂದವು. ಬಳ್ಳಾರಿಯ ಗಾಳಿಯಲ್ಲಿ ಇಂದು ಏನಿದೆಯೋ ಅದರ ಬಹುಪಾಲು ಯಾರೋ ಎಂದೋ ಕೈಗೊಂಡ ತೀರ್ಮಾನದ ಫಲ. ತೀರ್ಮಾನದಿಂದ ಬಂದದ್ದನ್ನು ತೀರ್ಮಾನದಿಂದ ತಗ್ಗಿಸಬಹುದು. ಆ ತೀರ್ಮಾನಗಳಲ್ಲಿ ಒಂದಕ್ಕೂ ಮಗುವಿನ ತಾಯಿಯ ಸಹಿ ಇರಲಿಲ್ಲ. ಇನ್ನು ಮುಂದೆ ಮಗುವಿನ ಎದೆ ಸುಯ್ಯೆಂದಾಗ ನಾವು ಅವಳನ್ನು ಪ್ರಶ್ನಿಸುವ ಮೊದಲು ಕಿಟಕಿ ತೆರೆದು ಹೊರಗೆ ನೋಡೋಣ.